ದೆವ್ವದ ಮುಖ ತೊಳೆಯುವವರು

ಸಂಜೆಯ ಬಿಸಿಲು ಎರೆಹೊಲದ ಬಿರುಕುಗಳೊಳಗೆ ಇಳಿಯುವ ಹೊತ್ತು. ಬಿಳಿಜೋಳದ ರಾಶಿ ಮುಗಿದು ಕಣದಲ್ಲಿ ಹೊಟ್ಟು ಮಾತ್ರ ಉಳಿದಿದೆ. ಎತ್ತಿಗೆ ನೀರು ಕುಡಿಸಿ, ಕೈಕಾಲು ತೊಳೆದು, ರೊಟ್ಟಿಯ ಬುತ್ತಿ ಕಟ್ಟಿಕೊಂಡ ಮಂದಿ ಬಂಡಿ ಹತ್ತುತ್ತಿದ್ದಾರೆ. ನೀವೂ ಹತ್ತಿ, ಹಿಂಬದಿಯಲ್ಲಿ ಜಾಗವಿದೆ. ಇದು ನಲವತ್ತು ವರ್ಷದ ಹಿಂದಿನ ದಾರಿ. ಇಂಡಿಗೆ ಹೋಗುತ್ತದೋ ಸಿಂದಗಿಗೋ, ಮುದ್ದೇಬಿಹಾಳಕ್ಕೋ ಬಸವನ ಬಾಗೇವಾಡಿಗೋ, ಯಾವ ಊರಾದರೂ ನಡೆದೀತು; ಜಾತ್ರೆ ಎಲ್ಲಿದೆಯೋ ಸಿನಿಮಾದ ಟೆಂಟು ಅಲ್ಲಿದೆ. ಊರು ಇನ್ನೂ ಹರದಾರಿ ದೂರ ಇರುವಾಗಲೇ ಲೌಡ್‌ಸ್ಪೀಕರಿನ ಹಾಡು ಗಾಳಿಯ ಜೊತೆ ಬಂದು ಬಂದು ಹೋಗುತ್ತದೆ. ಇನ್ನಷ್ಟು ಹತ್ತಿರವಾದರೆ ಜನರೇಟರಿನ ದಡದಡ, ಮಿರ್ಚಿ ಭಜಿ ಕರಿಯುವ ಎಣ್ಣೆಯ ವಾಸನೆ, ಬಂಡಿಗಳ ಸಾಲು, ಕೊರಳು ಬಿಚ್ಚಿ ಕಟ್ಟಿದ ಎತ್ತುಗಳ ಗಂಟೆ. ಟಿಕೀಟಿನ ಕಿಂಡಿಯ ಮುಂದೆ ಗಂಡಸರ ನೂಕಾಟ. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ತಟ್ಟಿಯ ಆಚೆ ಬದಿಯ ಬಾಗಿಲಿಗೆ ನಡೆಯುತ್ತಾರೆ.

ಒಳಗೆ ನೆಲವೇ ಆಸನ. ಮುಂದಿನವರ ತಲೆ ಅಡ್ಡ ಬಂದರೆ ಉಸುಕು ಗುಡ್ಡೆ ಮಾಡಿ ಅದರ ಮೇಲೆ ಕೂಡಬೇಕು. ದೀಪ ಆರುತ್ತಲೇ ಹಿಂದಿನ ಕಿಂಡಿಯಿಂದ ಬೆಳಕಿನ ಕೋಲು ಹೊರಟು, ಬೀಡಿಯ ಹೊಗೆಯನ್ನು ಸೀಳಿ, ತಲೆಗಳ ಮೇಲೆ ಹಾದು ಪರದೆಗೆ ಬಡಿಯುತ್ತದೆ. ಅದರೊಳಗೆ ದೀಪದ ಹುಳುಗಳ ಕುಣಿತ. ಪರದೆಯ ಮೇಲೆ ಕಪ್ಪು ಹವೇಲಿ, ಕಿರುಗುಟ್ಟುವ ಕದ, ಗುಡುಗು, ಕೆಂಪು ಬೆಳಕು. ಅಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಬಿಳಿ ಗೆರೆಗಳು ಸುರಿಯತೊಡಗಿದವೆಂದರೆ ನೆಲದ ಮೇಲಿಂದ ಒಂದು ಕೂಗು ಏಳುತ್ತದೆ: ‘ಏ, ಪಿಚ್ಚರ್‌ದಾಗ ಮಳಿ ಹತ್ತೇತಿ, ಛತ್ರಿ ತರ್ರೋ!’ ಎಲ್ಲರೂ ನಗುತ್ತಾರೆ. ಮಳೆಗಾಗಿ ಮುಗಿಲು ನೋಡಿ ನೋಡಿ ಕತ್ತು ನೋಯಿಸಿಕೊಂಡ ಜಿಲ್ಲೆಯಲ್ಲಿ ಆ ನಗೆಗೆ ಬೇರೆಯೇ ಒಂದು ಖಾರವಿತ್ತು.

ಆ ಮಳೆ ಫಿಲ್ಮಿನ ಮೈಮೇಲಿನ ಗೀರು. ಮುಂಬೈಯಲ್ಲಿ ಹೊಸದಾಗಿ ಹೊರಟ ಪ್ರಿಂಟು ದೊಡ್ಡ ಊರುಗಳ ದೊಡ್ಡ ಟಾಕೀಸುಗಳಲ್ಲಿ ಓಡಿ, ಸೊಲ್ಲಾಪುರದಂಥ ಪೇಟೆಗಳಲ್ಲಿ ಸವೆದು, ಬಿಜಾಪುರ ದಾಟಿ, ತಾಲ್ಲೂಕಿನ ಟೆಂಟಿಗೆ ಬರುವ ಹೊತ್ತಿಗೆ ಅದರ ಮೈಯೆಲ್ಲ ಗಾಯ. ಹಿಂದಿ ಚಿತ್ರಗಳ ವ್ಯಾಪಾರದಲ್ಲಿ ಈ ಭಾಗ ಹಿಂದಿನಿಂದಲೂ ಮುಂಬೈ ಸರ್ಕೀಟಿಗೆ ಸೇರಿದ್ದು. ರಾಜ್ಯಗಳ ಗಡಿ ಬದಲಾದರೂ ಡಬ್ಬಿ ಬರುವ ದಾರಿ ಬದಲಾಗಲಿಲ್ಲ. ಕನ್ನಡದ ಡಬ್ಬಿ ಹುಬ್ಬಳ್ಳಿಯ ಕಡೆಯಿಂದ, ಹಿಂದಿಯದು ಮುಂಬೈ ಕಡೆಯಿಂದ. ಆ ಕಾಲದಲ್ಲಿ ಯಂತ್ರ ನಡೆಸಿದ ಆಪರೇಟರುಗಳನ್ನು ಈಗ ಚಹಾದಂಗಡಿಯ ಬೆಂಚಿನ ಮೇಲೆ ಮಾತಿಗೆಳೆದರೆ ಸಾಮಾನ್ಯವಾಗಿ ಬರುವ ಮಾತು ಇದು: ‘ನಮ್ಮ ಕಡಿಗಿ ಬರೂದ್ರಾಗ ಪಿಚ್ಚರ್ ಮುದುಕ ಆಗಿರ್ತಿತ್ರಿ. ಹರದಲ್ಲಿ ಕತ್ತರಿಸಿ ಅಂಟಸೂದು, ಮತ್ತ ಓಡಸೂದು. ಕತ್ತರಿಸಿ ಕತ್ತರಿಸಿ ಒಂದೊಂದ್ ಸಲ ಹಾಡs ಇರ್ತಿದ್ದಿಲ್ಲ.’ ಹರಿದಲ್ಲೆಲ್ಲ ಎರಡು ಮೂರು ಫ್ರೇಮು ಹೋಗಿರುತ್ತವೆ. ನಾಯಕ ಬಾಗಿಲಿಗೆ ಕೈ ಹಾಕಿದವನು ಮರುಕ್ಷಣವೇ ಮಂಚದ ಮೇಲಿರುತ್ತಾನೆ. ಮಂದಿ ಅದಕ್ಕೂ ಒಗ್ಗಿಹೋಗಿದ್ದರು.

ದೆವ್ವದ ಪಿಚ್ಚರ್ ಬಂತೆಂದರೆ ಭಾಷೆಯ ಹಂಗಿಲ್ಲ. ಅದೂ ಆ ಸೀಮೆಯಲ್ಲಿ ಸಂತೆಗೆ ಹೋಗುವವರೆಲ್ಲರ ಕಿವಿಗೂ ಅಷ್ಟಿಷ್ಟು ಹಿಂದಿ, ಅಷ್ಟಿಷ್ಟು ಮರಾಠಿ ಬಿದ್ದೇ ಇರುತ್ತದೆ. ರಾಮ್ಸೆ ಅಣ್ಣತಮ್ಮಂದಿರ ಚಿತ್ರಗಳು ಬಂದದ್ದು ಹೀಗೆ. ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ರಾಮ್‌ಸಿಂಘಾನಿ ಮನೆತನ ಅದು. ಹೆಸರು ತುಂಡಾಗಿ ರಾಮ್ಸೆ ಆಯಿತು, ದೇಶ ತುಂಡಾದಾಗ ಮುಂಬೈಗೆ ಬಂತು. ಗಂಡುಮಕ್ಕಳು ಏಳು ಮಂದಿ. ತಂದೆ ಮಾಡಿದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ (1970) ಮಲಗಿಬಿಟ್ಟಿತು. ಆದರೆ ಮುಖವಾಡ ತೊಟ್ಟ ಪೃಥ್ವಿರಾಜ ಕಪೂರ್ ಕಳ್ಳತನಕ್ಕೆ ಬರುವ ಒಂದೇ ಒಂದು ದೃಶ್ಯಕ್ಕೆ ಥಿಯೇಟರಿನಲ್ಲಿ ಮಂದಿ ಚೀರುತ್ತಿದ್ದುದನ್ನು ಮಕ್ಕಳು ಗಮನಿಸಿದರು. ಚೀರುವುದಕ್ಕೆ ಮಂದಿ ದುಡ್ಡು ಕೊಡುತ್ತಾರೆಂದು ಗೊತ್ತಾದ ಮೇಲೆ ಉಳಿದದ್ದೆಲ್ಲ ಮನೆಗೆಲಸ. ಮಾಸೆಲ್ಲಿ ಎಂಬಾತ ಬರೆದ ಕ್ಯಾಮೆರಾ ಪುಸ್ತಕವೊಂದನ್ನು ಹಿಡಿದುಕೊಂಡು ಕಾಶ್ಮೀರದ ದೋಣಿಮನೆಯಲ್ಲಿ ಕೂತು ಅವರು ಸಿನಿಮಾ ಕಲಿತರು. ಗಂಗು ಕ್ಯಾಮೆರಾ ಹಿಡಿದ, ಕಿರಣ್ ಧ್ವನಿಗೆ ನಿಂತ, ಕುಮಾರ್ ಕತೆ ಬರೆದ, ತುಳಸಿ ಮತ್ತು ಶ್ಯಾಮ್ ನಿರ್ದೇಶನಕ್ಕೆ. ಮನೆಯ ಹೆಂಗಸರು ಅಡುಗೆಗೂ ಮೇಕಪ್ಪಿಗೂ ಕೈಹಾಕಿದರು. ‘ದೋ ಗಜ್ ಜಮೀನ್ ಕೆ ನೀಚೆ’ (1972) ತಯಾರಾಗುವಾಗ ಇಡೀ ಸಂಸಾರವೇ ಬಸ್ಸು ಹತ್ತಿ ಮಹಾಬಳೇಶ್ವರಕ್ಕೆ ಹೋಗಿ ಬೀಡುಬಿಟ್ಟಿತ್ತು. ನಮ್ಮ ಕಡೆಯ ನಾಟಕ ಕಂಪನಿಗಳನ್ನು ಬಲ್ಲವರಿಗೆ ಈ ಸಂಸಾರದ ಲೆಕ್ಕಾಚಾರ ಹೊಸದೇನಲ್ಲ.

‘ಪುರಾನಾ ಮಂದಿರ್’ 1984ರದು. ಅದರ ಸಾಮ್ರಿಯನ್ನು ಒಮ್ಮೆ ನೋಡಿದವರು ಮರೆತದ್ದಿಲ್ಲ. ರುಂಡ ಒಂದು ಕಡೆ, ಮುಂಡ ಒಂದು ಕಡೆ ಇಟ್ಟ ರಾಕ್ಷಸ. ಎರಡೂ ಕೂಡಿದವೆಂದರೆ ಕತೆ ಮುಗಿದಂತೆ. ಆ ಪಾತ್ರ ಮಾಡಿದ ಅನಿರುದ್ಧ ಅಗರ್ವಾಲ್ ರೂಡ್ಕಿಯಲ್ಲಿ ಎಂಜಿನಿಯರಿಂಗ್ ಓದಿದವರು. ಎತ್ತರದ ಆಳು, ಉದ್ದನೆಯ ಮುಖ, ಒಳಗೆ ಹೂತ ಕಣ್ಣು. ಮೇಕಪ್ಪಿನ ಖರ್ಚು ಅರ್ಧ ಉಳಿಯಿತೆಂದು ರಾಮ್ಸೆಗಳು ಖುಷಿಪಟ್ಟಿದ್ದರೆ ಆಶ್ಚರ್ಯವಿಲ್ಲ. ಆಮೇಲೆ ಅವರು ‘ಬ್ಯಾಂಡಿಟ್ ಕ್ವೀನ್’ನಲ್ಲಿ ಬಾಬು ಗುಜ್ಜರ್ ಆದರು, ಹಾಲಿವುಡ್ಡಿನ ‘ಜಂಗಲ್ ಬುಕ್’ನಲ್ಲೂ ಕಾಣಿಸಿಕೊಂಡರು. ಆದರೆ ಅವರ ಗುರುತು ಉಳಿದದ್ದು ಸಾಮ್ರಿಯಾಗಿಯೇ.

ಟೆಂಟಿನ ಬೆನ್ನಿಗೇ ವಿಡಿಯೋ ಬಂತು. ಗಣಪತಿ ಹಬ್ಬಕ್ಕೆ, ಮದುವೆಯ ಮರುದಿನದ ರಾತ್ರಿಗೆ, ಓಣಿಯ ಮಂದಿ ಪಟ್ಟಿ ಹಾಕಿ ತಾಲ್ಲೂಕಿನಿಂದ ಕಲರ್ ಟಿವಿ, ವಿಸಿಪಿ, ನಾಲ್ಕು ಕ್ಯಾಸೆಟ್ಟು ಬಾಡಿಗೆಗೆ ತರುತ್ತಿದ್ದರು. ಟಿವಿಯನ್ನು ಗುಡಿಯ ಕಟ್ಟೆಯ ಮೇಲಿಟ್ಟು, ಕಂಬಳಿ ಹಾಸಿ, ಮೊದಲು ದೇವರ ಪಿಚ್ಚರ್, ನಂತರ ರಾಜಕುಮಾರ್, ನಡುರಾತ್ರಿ ಮುದುಕರು ಎದ್ದು ಹೋದ ಮೇಲೆ ದೆವ್ವದ್ದು. ಟಿವಿಯ ಚಿತ್ರದ ಮೇಲೆ ಅಡ್ಡಡ್ಡ ಗೆರೆ ಬಂದರೆ ಹೆಡ್ಡಿಗೆ ನೋಟು ಸವರಿ ಒರೆಸುವ ಹುಡುಗನೊಬ್ಬ ಯಂತ್ರದ ಪಕ್ಕ ಕಾವಲು ಕೂತಿರುತ್ತಿದ್ದ. ನಮ್ಮ ಹೋಮ್ ವಿಡಿಯೋ ಎಂದರೆ ಅದು: ಮನೆಯೊಳಗಿನದಲ್ಲ, ಓಣಿಯದು. 1993ರ ಹೊತ್ತಿಗೆ ಅದೇ ರಾಮ್ಸೆಗಳು ಝೀ ವಾಹಿನಿಯಲ್ಲಿ ವಾರವಾರವೂ ಹಾರರ್ ಶೋ ತೋರಿಸತೊಡಗಿದರು. ಡಿಶ್ ಇದ್ದ ಮನೆಗಳ ಪಡಸಾಲೆಗೆ ಭಯ ಕಾಯಂ ಬಾಡಿಗೆಗೆ ಬಂತು.

ಆ ಟೆಂಟಿನ ಮಳೆ ಕ್ಯಾಸೆಟ್ಟಿಗೆ ಇಳಿಯಿತು, ಕ್ಯಾಸೆಟ್ಟಿನ ಮಸುಕು ಸಿಡಿಗೆ, ಸಿಡಿಯ ಚೌಕಳಿ ಯೂಟ್ಯೂಬಿಗೆ. ಇವತ್ತು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನೊಬ್ಬ ಮೊಬೈಲಿನಲ್ಲಿ ಸಾಮ್ರಿಯನ್ನು ನೋಡುತ್ತಿದ್ದರೆ, ಅವನು ನೋಡುತ್ತಿರುವುದು ನಕಲಿನ ನಕಲಿನ ನಕಲನ್ನು. ಕತ್ತಲೆಯೆಲ್ಲ ಬೂದಿ, ಮುಖವೆಲ್ಲ ಗುಲಾಬಿ.

ಈಗ ಬೇರೊಂದು ಬಾಗಿಲು ತೆಗೆಯೋಣ. ಹಳೆಯ ಫಿಲ್ಮುಗಳಿಗೆ ಮರುಜೀವ ಕೊಡುವ ಕೋಣೆ ಪುಣೆಯಲ್ಲಿರಲಿ, ಇಟಲಿಯ ಬೊಲೋನ್ಯಾದಲ್ಲಿರಲಿ, ಒಳಗಿನ ನೋಟ ಹೆಚ್ಚುಕಡಿಮೆ ಒಂದೇ. ಚಪ್ಪಲಿ ಹೊರಗೆ. ಒಳಗೆ ತಣ್ಣಗೆ. ಬಿಳಿ ನೂಲಿನ ಕೈಗವಸು, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ಭೂತಗಾಜು. ಗೋಡೆಯ ಪಕ್ಕ ತುಕ್ಕು ಹಿಡಿದ ಡಬ್ಬಿಗಳು. ಕೆಲವದರ ಮೇಲೆ ಚಿತ್ರದ ಹೆಸರು ಅಳಿಸಿ ರೀಲಿನ ಸಂಖ್ಯೆ ಮಾತ್ರ ಉಳಿದಿದೆ. ಮುಚ್ಚಳ ಸುಲಭಕ್ಕೆ ಏಳುವುದಿಲ್ಲ. ಎದ್ದಾಗ ಮೂಗಿಗೆ ಬಡಿಯುವುದು ಹುಳಿ ವಾಸನೆ, ಕೆಟ್ಟುಹೋದ ಉಪ್ಪಿನಕಾಯಿ ಭರಣಿಯ ಬಾಯಿ ಬಿಚ್ಚಿದ ಹಾಗೆ. ಸೆಕೆಗೂ ತೇವಕ್ಕೂ ಅಸಿಟೇಟ್ ಫಿಲ್ಮು ಒಳಗಿಂದೊಳಗೇ ಕೊಳೆತು ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಬೇಗ ಮಾಡುತ್ತದೆ, ಪಕ್ಕದ ಡಬ್ಬಿಗೂ ತಗಲುತ್ತದೆ. ಡಬ್ಬಿಯೊಳಗೆ ಒಂದು ಸಣ್ಣ ನೀಲಿ ಕಾಗದದ ಚೂರು ಇಟ್ಟು ನೋಡುತ್ತಾರೆ: ಹಸಿರಿಗೆ ತಿರುಗಿದರೆ ಜ್ವರ ಹಿಡಿದಿದೆ, ಹಳದಿಯಾದರೆ ಅವಸರ ಮಾಡಬೇಕು.

ಮೇಜಿನ ಮುಂದೆ ಕೂತವರ ಕೆಲಸವನ್ನು ಸುಮ್ಮನೆ ನೋಡುತ್ತ ನಿಲ್ಲಿ. ಎರಡೂ ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಫಿಲ್ಮನ್ನು ಅಂಗುಲ ಅಂಗುಲವಾಗಿ ಎಡದಿಂದ ಬಲಕ್ಕೆ ಹಾಯಿಸುತ್ತಾರೆ. ಅಂಚು ಬೆರಳಿಗೆ ತಾಗುತ್ತ ಹೋಗುತ್ತದೆ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಎಲ್ಲಿ ಹಲ್ಲು ಮುರಿದಿದೆ, ಎಲ್ಲಿ ಹಳೆಯ ಅಂಟು ಉಬ್ಬಿದೆ ಎಂದು. 35 ಎಂಎಂ ಫಿಲ್ಮಿನ ಪ್ರತಿ ಫ್ರೇಮಿಗೆ ಎರಡೂ ಬದಿಗೆ ನಾಲ್ಕು ನಾಲ್ಕು ತೂತು; ಯಂತ್ರ ಹಿಡಿದು ಎಳೆಯುವುದು ಅವನ್ನೇ, ಹರಿಯುವುದೂ ಅಲ್ಲೇ. ನಮ್ಮ ಟೆಂಟಿನ ಆಪರೇಟರ್ ಜನರೇಟರಿನ ಸದ್ದಿನಲ್ಲಿ, ಸೀಟಿ ಹೊಡೆಯುವ ಮಂದಿಯ ಮುಂದೆ, ಅರ್ಧ ನಿಮಿಷದಲ್ಲಿ ಹಾಕಿದ ಜೋಡನ್ನು ಇಲ್ಲಿ ಅರ್ಧ ಗಂಟೆ ಕೂತು ಬಿಡಿಸುತ್ತಾರೆ. ಗಟ್ಟಿಯಾದ ಅಂಟನ್ನು ಹತ್ತಿಯಿಂದ ತೋಯಿಸಿ, ಕೆರೆದು, ತುಂಡಾದ ತೂತಿಗೆ ಹೊಸ ಅಂಚು ಕೂಡಿಸಿ, ಮತ್ತೆ ಹಾಯಿಸುತ್ತಾರೆ. ಒಂದು ಸಾವಿರ ಅಡಿಯ ರೀಲು ಪರದೆಯ ಮೇಲೆ ಹನ್ನೊಂದು ನಿಮಿಷ. ಮೇಜಿನ ಮೇಲೆ ಅದಕ್ಕೆ ಎಷ್ಟು ಹೊತ್ತು ಬೇಕೆನ್ನುವುದು ಆ ರೀಲು ಎಷ್ಟು ಊರು ತಿರುಗಿದೆ ಎನ್ನುವುದರ ಮೇಲಿದೆ.

ಎಲ್ಲಕ್ಕಿಂತ ಒಳ್ಳೆಯದು ಮೂಲ ನೆಗೆಟಿವ್ ಸಿಗುವುದು. ಸಣ್ಣ ಬಂಡವಾಳದ ಚಿತ್ರಗಳ ಪಾಲಿಗೆ ಅದೇ ಕಷ್ಟ. ನೆಗೆಟಿವ್ ಇರುತ್ತಿದ್ದದ್ದು ಸಂಸ್ಕರಣೆ ಮಾಡಿದ ಲ್ಯಾಬಿನಲ್ಲಿ. ನಿರ್ಮಾಪಕ ಸಾಲದಲ್ಲಿ ಮುಳುಗಿದ, ಬಾಡಿಗೆ ಕಟ್ಟಲಿಲ್ಲ. ಡಿಜಿಟಲ್ ಬಂದು ಲ್ಯಾಬುಗಳೇ ಬಾಗಿಲು ಹಾಕಿದವು. ಡಬ್ಬಿಗಳು ಗೋದಾಮಿನಿಂದ ಗೋದಾಮಿಗೆ ಅಲೆದವು. ಫಿಲ್ಮಿನಲ್ಲಿರುವ ಬೆಳ್ಳಿಗಾಗಿ ಕರಗಿಸುವವರ ಕೈಗೆ ಹೋದದ್ದೆಷ್ಟೋ. ನೆಗೆಟಿವ್ ಸಿಕ್ಕರೂ ಅದರಲ್ಲೊಂದು ರೀಲು ಇಲ್ಲದಿದ್ದರೆ, ಎಲ್ಲಿಯೋ ಉಳಿದ ಹಳೆಯ ಪ್ರಿಂಟಿನಿಂದ ಅಷ್ಟನ್ನು ತಂದು ಕೂಡಿಸಬೇಕು. ನಾಲ್ಕು ತಾಲ್ಲೂಕು ಸುತ್ತಿ ಬಂದ ಮುದುಕ ಪ್ರಿಂಟಿಗೂ ಆಗ ಬೆಲೆ ಬರುತ್ತದೆ.

ಒಗೆತವಿದೆ ಆಮೇಲೆ. ದ್ರಾವಣದ ತೊಟ್ಟಿಯೊಳಗೆ ಕಿವಿಗೆ ಕೇಳದ ಸದ್ದಿನ ಅಲೆ ಹಾಯಿಸಿ ದೂಳನ್ನು ಬಿಡಿಸುತ್ತಾರೆ. ನಂತರ ಸ್ಕ್ಯಾನರು: ಒಂದೊಂದೇ ಫ್ರೇಮು ಬೆಳಕಿನ ಮುಂದೆ ನಿಂತು, ಕೆಂಪು ಹಸಿರು ನೀಲಿ ಮಿಂಚು ಪಡೆದು ಮುಂದೆ ಸರಿಯುತ್ತದೆ. ಗೀರು ಬಹಳವಿದ್ದರೆ ಫಿಲ್ಮನ್ನು ಒದ್ದೆ ಮಾಡಿಯೇ ಹಾಯಿಸುತ್ತಾರೆ. ದ್ರಾವಣ ಗೀರಿನೊಳಗೆ ತುಂಬಿಕೊಂಡು ಬೆಳಕು ಅಲ್ಲಿ ಚದುರುವುದಿಲ್ಲ, ಮಳೆ ತಾನಾಗಿ ನಿಲ್ಲುತ್ತದೆ. ಎರಡೂವರೆ ಗಂಟೆಯ ದೆವ್ವದ ಪಿಚ್ಚರಿನಲ್ಲಿ ಇಂಥ ಫ್ರೇಮುಗಳು 2,16,000. 4ಕೆ ಗುಣಮಟ್ಟದಲ್ಲಿ ಒಂದೊಂದೂ ಸುಮಾರು 50 ಎಂಬಿ. ಕೂಡಿದರೆ ಹತ್ತು ಟೆರಾಬೈಟ್ ದಾಟುತ್ತದೆ. ಕೊನೆಗೆ ಮನೆಗೆ ಬರುವ ಬ್ಲೂರೇ ತಟ್ಟೆಗೆ ಹಿಡಿಯುವುದು 50 ಜಿಬಿ. ಅಂದರೆ ಇಡೀ ಕಣದ ರಾಶಿಯಿಂದ ಕೊನೆಗೆ ಒಂದು ಬೊಗಸೆ.

ಪಕ್ಕದ ಕತ್ತಲೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತವರದು ನಿಜವಾದ ತಾಳ್ಮೆ. ದೂಳಿನ ಚುಕ್ಕೆ ಅಳಿಸುವ ತಂತ್ರಾಂಶವಿದೆ. ಅದು ಹಿಂದಿನ ಮುಂದಿನ ಫ್ರೇಮು ನೋಡಿ, ಈ ಒಂದರಲ್ಲಿ ಮಾತ್ರ ಇರುವುದೆಲ್ಲ ಕಸವೆಂದು ತೀರ್ಮಾನಿಸುತ್ತದೆ. ಕೌಟುಂಬಿಕ ಚಿತ್ರಕ್ಕೆ ಅದು ಸರಿ. ರಾಕ್ಷಸನ ಚಿತ್ರದಲ್ಲಿ ಕ್ಷಣಕ್ಕೊಮ್ಮೆ ಮಿಂಚು, ಕಿಡಿ, ಚಿಮ್ಮುವ ರಕ್ತ, ಒಡೆಯುವ ಗಾಜು. ಯಂತ್ರ ಅದನ್ನೂ ಕಸವೆಂದು ಗುಡಿಸಿಬಿಡುತ್ತದೆ. ಮಿಂಚಿನ ಒಂದು ಫ್ರೇಮನ್ನು ಬೆಳಕಿನ ಏರುಪೇರೆಂದು ತಿಳಿದು ಸಪಾಟು ಮಾಡುತ್ತದೆ. ಹಾಗಾಗಿ ಮನುಷ್ಯ ಕೂತು, ಯಂತ್ರ ಅಳಿಸಿದ್ದರಲ್ಲಿ ಕಸ ಯಾವುದು, ಕಿಡಿ ಯಾವುದು ಎಂದು ಆರಿಸಿ ಕಿಡಿಯನ್ನು ವಾಪಸು ತರಬೇಕು. ಜೋಳದಲ್ಲಿ ಕಲ್ಲು ಆರಿಸಿದ ಕೈಗಳಿಗೆ ಈ ಕೆಲಸ ಚೆನ್ನಾಗಿ ಬಂದೀತು ಎಂದು ನನಗನ್ನಿಸುತ್ತದೆ. ಬಣ್ಣದ್ದು ಇನ್ನೊಂದು ಪೇಚು. ಹಳೆಯ ಬಣ್ಣದ ಪ್ರಿಂಟಿನಲ್ಲಿ ನೀಲಿ ಹಸಿರು ಮೊದಲು ಸಾಯುತ್ತವೆ, ಉಳಿಯುವುದು ಕೆಂಪು. ಅದನ್ನು ಸರಿಪಡಿಸಲು ಹೊರಟವನಿಗೆ ರಾಮ್ಸೆಗಳ ರೂಢಿ ಗೊತ್ತಿಲ್ಲದಿದ್ದರೆ ಅವರು ಬೇಕೆಂದೇ ಹಚ್ಚಿದ ಹಸಿರು ದೀಪ, ಕೆಂಪು ದೀಪವನ್ನೂ ರೋಗವೆಂದು ತಿಳಿದು, ಪಿಶಾಚಿಯ ಕೆನ್ನೆಗೆ ಆರೋಗ್ಯದ ಬಣ್ಣ ತಂದುಬಿಟ್ಟಾನು. ಧ್ವನಿಯೂ ಹಾಗೆಯೇ. ಸರಸರ ಸದ್ದನ್ನು ತೆಗೆಯುತ್ತ ಹೋದರೆ ಹವೇಲಿಯ ಗಾಳಿ, ಜೀರುಂಡೆ ಎಲ್ಲ ಹೋಗಿ, ಭಯ ಹುಟ್ಟಬೇಕಾದ ಮೌನ ಬರಿಯ ಖಾಲಿಯಾಗುತ್ತದೆ.

ಇಷ್ಟೆಲ್ಲ ಆದಮೇಲೆ ಪರದೆಯ ಮೇಲೆ ಸಾಮ್ರಿಯ ಮುಖ ತೊಳೆದ ಹಾಗೆ ಕಾಣುತ್ತದೆ. ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ಮಸುಕಿನಲ್ಲಿ ಅಡಗಿದ್ದದ್ದೆಲ್ಲ ಎದ್ದು ಕಾಣುತ್ತದಲ್ಲ: ರಬ್ಬರಿನ ಚರ್ಮ ಮುಗಿದು ಕುತ್ತಿಗೆಯ ಚರ್ಮ ಶುರುವಾಗುವ ಗೆರೆ, ಬಾವಲಿ ತೂಗಿದ ದಾರ, ಗೋಡೆ ಎಂದುಕೊಂಡದ್ದರ ಪ್ಲೈವುಡ್ ಅಂಚು. ಈಗಿನ ತಂತ್ರಕ್ಕೆ ದಾರ ಅಳಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಅಳಿಸಬೇಕೆ?

ಉತ್ತರಕ್ಕೆ ಮೊದಲು ದೂರದ ಒಂದು ಕತೆ. ಅಮೆರಿಕದ ಟೆಕ್ಸಾಸಿನಲ್ಲಿ ಎಲ್ ಪಾಸೊ ಎಂಬ ಊರಿದೆ. ಅಲ್ಲಿ ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರೆನ್ ಎಂಬವನು, ಹಾರರ್ ಸಿನಿಮಾ ಮಾಡುವುದೇನು ಮಹಾ ಎಂದು ಚಿತ್ರಕತೆಗಾರನೊಬ್ಬನ ಜೊತೆ ಪಂಥ ಕಟ್ಟಿ, 19,000 ಡಾಲರಿನಲ್ಲಿ ಒಂದನ್ನು ಮಾಡಿಯೇಬಿಟ್ಟ. ಹೆಸರು ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’, 1966. ಕೈಯಿಂದ ಕೀಲಿ ಕೊಡುವ 16 ಎಂಎಂ ಕ್ಯಾಮೆರಾ. ಒಂದು ಸಲ ಕೀಲಿ ಕೊಟ್ಟರೆ 32 ಸೆಕೆಂಡು ಓಡುತ್ತದೆ, ಅಷ್ಟರೊಳಗೆ ಮಾತು ಮುಗಿಸಬೇಕು. ಧ್ವನಿಯನ್ನು ಆಮೇಲೆ ಬೆರಳೆಣಿಕೆಯ ಮಂದಿ ಎಲ್ಲರ ಪರವಾಗಿ ಆಡಿ ಕೂಡಿಸಿದರು. ರಾತ್ರಿಯ ದೃಶ್ಯಗಳಲ್ಲಿ ದೀಪದ ಹುಳುಗಳು ನಟರ ಮುಖಕ್ಕೆ ಮುತ್ತುತ್ತವೆ. ಒಂದು ಕಡೆ ಕ್ಲ್ಯಾಪ್ ಬೋರ್ಡೇ ಇಣುಕುತ್ತದೆ. ಜಗತ್ತಿನ ಅತಿ ಕೆಟ್ಟ ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಖಾಯಂ ಜಾಗ. 1993ರಲ್ಲಿ ಟಿವಿಯಲ್ಲಿ ಅದನ್ನಿಟ್ಟುಕೊಂಡು ನಕ್ಕ ಕಾರ್ಯಕ್ರಮದಿಂದಲೇ ಅದಕ್ಕೆ ಅಭಿಮಾನಿಗಳು ಹುಟ್ಟಿದರು. 2011ರಲ್ಲಿ ಬೆನ್ ಸೊಲೊವಿ ಎಂಬ ಛಾಯಾಗ್ರಾಹಕನ ಕೈಗೆ ಅದರ ಮೂಲಕ್ಕೆ ಹತ್ತಿರದ 16 ಎಂಎಂ ಪ್ರತಿ ಸಿಕ್ಕಿತು. ಜನರಲ್ಲಿ ಚಂದಾ ಕೇಳಿದ. ಕೇಳಿದ್ದು 10,000 ಡಾಲರ್, ಬಂದದ್ದು 48,000. ಕೆಲಸ ಮುಗಿದು ಬ್ಲೂರೇ ಬಂದದ್ದು 2015ರಲ್ಲಿ. ಫ್ರೇಮು ಫ್ರೇಮಿಗೂ ಗೀರು ತೆಗೆದರು, ಬಣ್ಣ ತಂದರು. ಕೆಟ್ಟ ಚಿತ್ರ ಕೆಟ್ಟದ್ದಾಗಿಯೇ, ಆದರೆ ಸ್ವಚ್ಛವಾಗಿ ಉಳಿಯಿತು.

ನನಗೆ ಆ ಕೆಲಸದಲ್ಲಿ ದೊಡ್ಡ ವಿವೇಕ ಕಾಣುತ್ತದೆ. ಫಿಲ್ಮಿನ ಮೇಲೆ ಎರಡು ಬಗೆಯ ಕೊಳೆ ಇರುತ್ತದೆ. ಒಂದು ಕಾಲ ಹಚ್ಚಿದ್ದು, ಊರೂರು ತಿರುಗಿಸಿದವರು ಹಚ್ಚಿದ್ದು; ಅದನ್ನು ಎಷ್ಟು ತೊಳೆದರೂ ಸರಿ. ಇನ್ನೊಂದು ಮಾಡಿದವನ ಬಡತನ. ಅದನ್ನು ಮುಟ್ಟಬಾರದು. ದಾರ ಅಳಿಸಿದರೆ ಬಾವಲಿ ಚೆಂದ ಹಾರೀತು, ಆದರೆ ಆ ದಾರ ಹಿಡಿದು ಏಣಿಯ ಮೇಲೆ ರಾತ್ರಿಯೆಲ್ಲ ಕೂತವನು ಅಳಿಸಿಹೋಗುತ್ತಾನೆ. ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿ ದೊಡ್ಡಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭುಜಕೀರ್ತಿ ಕಟ್ಟಿಕೊಂಡು ಅಟ್ಟ ನಡುಗಿಸುವ ರಾಕ್ಷಸ ಹಗಲು ಯಾರ ಹೊಲದಲ್ಲಿ ಕುಂಟೆ ಹೊಡೆಯುತ್ತಾನೆಂದು ಎದುರಿಗೆ ಕೂತ ಕೂಸಿಗೂ ಗೊತ್ತು. ಗೊತ್ತಿದ್ದೂ ಅದು ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತದೆ. ದಾರ ಕಂಡರೆ ಭಯ ಹೋಗುತ್ತದೆ ಎನ್ನುವವರು ಆಟ ನೋಡಿಲ್ಲ.

ಪಿಟ್ಸ್‌ಬರ್ಗಿನ ಗೆಳೆಯರು 1968ರಲ್ಲಿ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಶವಗಳ ಚಿತ್ರದ್ದೂ ಇಂಥದೇ ಹಣೆಬರಹ. ಖರ್ಚು 1,14,000 ಡಾಲರ್. ಕಪ್ಪುಬಿಳುಪಾದ್ದರಿಂದ ಚಾಕೊಲೇಟ್ ಪಾಕವೇ ರಕ್ತ. ಬಿಡುಗಡೆಯ ಹೊತ್ತಿಗೆ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಜಾರಿಹೋಗಿ, ಚಿತ್ರ ಊರಿನ ಸ್ವತ್ತಾಯಿತು. ಯಾರು ಬೇಕಾದರೂ ಕ್ಯಾಸೆಟ್ಟು ಮಾಡಿ ಮಾರಿದರು, ಒಂದಕ್ಕಿಂತ ಒಂದು ಮಸುಕು. ಕೊನೆಗೆ 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವೂ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ನೂ ಸೇರಿ ಮೂಲ ನೆಗೆಟಿವ್‌ನಿಂದ ಅದನ್ನು ಎತ್ತಿ ನಿಲ್ಲಿಸಿದವು. ಹಣ ಕೊಟ್ಟವರಲ್ಲಿ ಜಾರ್ಜ್ ಲೂಕಾಸ್ ಕುಟುಂಬದ ಪ್ರತಿಷ್ಠಾನವೂ ಇತ್ತು.

ಆ ಪ್ರತಿಷ್ಠಾನದ ಹೆಸರು ಕನ್ನಡಿಗರು ನೆನಪಿಟ್ಟುಕೊಳ್ಳಬೇಕು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಬದುಕಿಸಿದ್ದೂ ಅದೇ ಚೀಲದ ದುಡ್ಡು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಬೊಲೋನ್ಯಾದ ಲಿಮಾಜಿನೆ ರಿತ್ರೋವಾತಾ ಲ್ಯಾಬು ಕೈಕೂಡಿಸಿ ಅದನ್ನು ತೊಳೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಸ್ವರ್ಣಕಮಲ ಪಡೆದ ಚಿತ್ರ, ಅನಂತಮೂರ್ತಿಯವರ ಕತೆ, ಕಾರಂತರ ಸಂಗೀತ. ಅದಕ್ಕೆ ಆ ಮರ್ಯಾದೆ ಸಲ್ಲಬೇಕಾದದ್ದೇ. ಆದರೆ ಅಮೆರಿಕದಲ್ಲಿ ಅದೇ ಚೀಲ ಹೆಣ ಎದ್ದು ನಡೆಯುವ ಅಗ್ಗದ ಚಿತ್ರಕ್ಕೂ ಬಿಚ್ಚಿತ್ತು. ನಮ್ಮಲ್ಲಿ ಜನಪ್ರಿಯ ಹಳೆಯ ಚಿತ್ರಕ್ಕೆ ಹಣ ಹಾಕಿದಾಗ ಮಾಡಿದ್ದೇನು? ‘ಸತ್ಯ ಹರಿಶ್ಚಂದ್ರ’ಕ್ಕೂ ‘ಕಸ್ತೂರಿ ನಿವಾಸ’ಕ್ಕೂ ಬಣ್ಣ ಬಳಿದೆವು. ಮಂದಿ ಮುಗಿಬಿದ್ದು ನೋಡಿದರು, ಸಂತೋಷ. ಅದು ಸುಣ್ಣಬಣ್ಣ, ದುರಸ್ತಿ ಅಲ್ಲ.

ಕನ್ನಡಕ್ಕೂ ಅಗ್ಗದ ರಾಕ್ಷಸರ ವಂಶವಿದೆ. ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ (1934) ಇಂದ್ರಜಿತುವಿನ ಮನೆಯ ಕತೆಯೇ; ಇಂಡಿ-ಸಿಂದಗಿಗಳಿಗೆ ಬೆಂಗಳೂರಿಗಿಂತ ಹತ್ತಿರದ ಕೊಲ್ಹಾಪುರದಲ್ಲಿ ತಯಾರಾದದ್ದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಉಡುಪಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿ, ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸು ಕಟ್ಟಿಕೊಂಡು ಊರೂರು ಅಲೆದ ಬಿ. ವಿಠಲಾಚಾರ್ಯರು ಡಿ. ಶಂಕರ್‌ಸಿಂಗ್ ಅವರ ಜೊತೆ ಮೈಸೂರಿನಲ್ಲಿ ಮಹಾತ್ಮಾ ಪಿಕ್ಚರ್ಸ್ ಕಟ್ಟಿದವರು. ನಾಗಕನ್ನಿಕೆ, ಜಗನ್ಮೋಹಿನಿ ಎಂದು ಟೆಂಟಿನ ಮಂದಿಗೆ ಬೇಕಾದ್ದನ್ನು ಆ ಸಂಸ್ಥೆ ಕೊಟ್ಟಿತು. ಮದರಾಸಿಗೆ ಹೋಗಿ ತೆಲುಗಿನಲ್ಲಿ ಆಚಾರ್ಯರು ‘ಜಾನಪದ ಬ್ರಹ್ಮ’ ಎನಿಸಿಕೊಂಡರು. ನಟ ಸಂಭಾವನೆಗೆ ಜಗ್ಗಾಡಿದರೆ ಆ ಪಾತ್ರವನ್ನು ಗಿಳಿಯಾಗಿಸಿ ಶೂಟಿಂಗ್ ಮುಂದುವರಿಸುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತದೆ. ಅವರ 1978ರ ತೆಲುಗು ‘ಜಗನ್ಮೋಹಿನಿ’ಯಲ್ಲಿ ಸೌದೆ ಮುಗಿದರೆ ದೆವ್ವ ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುತ್ತದೆ. ಹಣವಿಲ್ಲದವನ ಕಲ್ಪನೆ ಅದು. ಹಣವಿದ್ದವನಿಗೆ ಹೊಳೆಯುವುದು ಕಷ್ಟ. ಟೆಂಟು ನಡೆಸಿದವನಿಗೆ ನೆಲದ ಮೇಲೆ ಕೂತವರು ಯಾವ ಗಳಿಗೆಯಲ್ಲಿ ಕೂಗುತ್ತಾರೆಂಬುದು ಗೊತ್ತಿರುತ್ತದೆ.

ರಾಮ್ಸೆಗಳ ಚಿತ್ರಗಳನ್ನು ಮೊದಲು ಡಿವಿಡಿಗೆ, ಈಚೆಗೆ ಬ್ಲೂರೇಗೆ ಶ್ರದ್ಧೆಯಿಂದ ತಂದವರು ಮುಂಬೈಯವರಲ್ಲ. ಪೀಟ್ ಟೂಂಬ್ಸ್ ಎಂಬ ಇಂಗ್ಲಿಷ್ ಲೇಖಕ ಕಟ್ಟಿದ ಮೊಂಡೊ ಮಕಾಬ್ರೊ ಎಂಬ ಸಂಸ್ಥೆ. ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ 2019ರಲ್ಲಿ, ಕ್ಯಾಮೆರಾ ಹಿಡಿದ ಗಂಗು 2024ರಲ್ಲಿ ಹೋದರು. ಹಸಿರು ದೀಪ ಎಷ್ಟು ಹಸಿರಾಗಿತ್ತು ಎಂದು ಕೇಳಲು ಈಗ ಗಂಗು ಇಲ್ಲ. ಇಂಡಿಯ, ಬಾಗೇವಾಡಿಯ ಮಂದಿ ಆ ಹಸಿರನ್ನು ಮೊದಲಿಗೂ ನೋಡಿರಲಿಲ್ಲ; ಅವರ ಪಾಲಿಗೆ ಬಂದದ್ದು ಯಾವಾಗಲೂ ಬೇರೆಯವರು ಉಂಡೆದ್ದ ಎಲೆ. ಹಾಗೆ ನೋಡಿದರೆ ತೊಳೆದ ಪ್ರತಿ ಅವರಿಗೆ ಹಳೆಯದರ ನೆನಪಲ್ಲ, ಮೊದಲ ನೋಟ. ಎಂದೋ ಕೊಟ್ಟ ಟಿಕೀಟಿನ ಹಣಕ್ಕೆ ಬರಬೇಕಾದ ಬಾಕಿ.

ಅದಕ್ಕೇ ಒಂದು ಮಾತು. ಈ ನಾಲ್ಕು ತಾಲ್ಲೂಕುಗಳಲ್ಲಿ, ಅಥವಾ ನಿಮ್ಮೂರಲ್ಲೇ, ಮುಚ್ಚಿದ ಟಾಕೀಸಿನ ಅಟ್ಟದ ಮೇಲೋ ಹಳೆಯ ಆಪರೇಟರರ ಮನೆಯ ಮೂಲೆಯಲ್ಲೋ ತಗಡಿನ ಡಬ್ಬಿ ಕಂಡರೆ ಗುಜರಿಗೆ ಹಾಕಬೇಡಿ. ಬಿಸಿಲಿಗೆ ಇಡಬೇಡಿ, ಸೀಮೆಎಣ್ಣೆಯಲ್ಲಿ ಒರೆಸಬೇಡಿ, ಓಡಿಸಿ ನೋಡೋಣವೆಂದು ಯಂತ್ರಕ್ಕೆ ಹಾಕಬೇಡಿ. ತಣ್ಣನೆಯ, ಒಣಗಿದ, ಗಾಳಿಯಾಡುವ ಜಾಗದಲ್ಲಿ ಮಟ್ಟಸವಾಗಿ ಮಲಗಿಸಿಟ್ಟು, ಮೇಲೆ ಬರೆದದ್ದನ್ನು ಇದ್ದ ಹಾಗೆ ನಕಲು ಮಾಡಿಕೊಂಡು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿಗೋ ತಿಳಿಸಿ. ಹುಳಿ ವಾಸನೆ ಬರುತ್ತಿದ್ದರೆ ಆ ಡಬ್ಬಿಯನ್ನು ಉಳಿದವುಗಳಿಂದ ಬೇರೆ ಇಡಿ, ತಡಮಾಡಬೇಡಿ.